ಮಂಗಗಳಲ್ಲಿ ಫಲ ಕೊಟ್ಟ ಮಲೇರಿಯಾ ಲಸಿಕೆ ಮಕ್ಕಳಲ್ಲಿ ಸೋತದ್ದೇಕೆ?

ಹೊಂಗೆಮರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಸೆಮಿನಾರಿಗೆಂದು ಮಲೇರಿಯಾ ಲಸಿಕೆಯ ಸಂಶೋಧನೆಯಲ್ಲಿ ಮಂಗಗಳ ಬಳಕೆ ಎಂಬ ವಿಷಯವನ್ನು ಆರಿಸಿಕೊಂಡೆ. ಹಳೆಯ ವರದಿಗಳನ್ನು ಓದುತ್ತ ಹೋದಂತೆ ವಿಷಯ ತಿಳಿಯಾಗುವ ಬದಲು ಇನ್ನಷ್ಟು ಗೋಜಲಾಗಿದೆ.

ನನ್ನನ್ನು ಹೆಚ್ಚು ಕಾಡಿದ್ದು ಕೊಲಂಬಿಯಾದ ಮಾನುವೆಲ್ ಎಲ್ಕಿನ್ ಪಟಾರೊಯೊ ಅವರ ತಂಡ ರೂಪಿಸಿದ ಎಸ್‌ಪಿಎಫ್66 ಎಂಬ ಕೃತಕ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಲಸಿಕೆಯ ಇತಿಹಾಸ. ದಕ್ಷಿಣ ಅಮೆರಿಕದಲ್ಲಿ ರಾತ್ರಿ ಹೊತ್ತು ಸಂಚರಿಸುವ ಏಓಟಸ್ ಮಂಗಗಳಲ್ಲಿ ಇಂಥ ಪೆಪ್ಟೈಡ್‌ಗಳು ರಕ್ಷಣೆ ಕೊಡುತ್ತವೆಂದು ಅವರು 1987ರಲ್ಲಿ ಪ್ರಕಟಿಸಿದರು. ಮರುವರ್ಷವೇ ಮನುಷ್ಯರ ಮೇಲಿನ ಪ್ರಯೋಗದ ವರದಿ ಬಂತು. ಮುಂದೆ ಕೊಲಂಬಿಯಾದ ಪ್ರಯೋಗದಲ್ಲಿ ಸುಮಾರು ಶೇ. 39ರಷ್ಟು, ಟಾಂಜಾನಿಯಾದ ಮಕ್ಕಳಲ್ಲಿ ಶೇ. 31ರಷ್ಟು ರಕ್ಷಣೆ ಕಂಡಿತೆಂದು ವರದಿಯಾದರೂ, 1995ರಲ್ಲಿ ಗ್ಯಾಂಬಿಯಾದ ಶಿಶುಗಳಲ್ಲಿ ಅದು ಶೇ. 8ಕ್ಕೆ ಕುಸಿಯಿತು, 1996ರ ಥಾಯ್ಲೆಂಡಿನ ಪ್ರಯೋಗದಲ್ಲಿ ರಕ್ಷಣೆಯೇ ಕಾಣಲಿಲ್ಲ.

ಇಲ್ಲಿ ನನ್ನ ಸಂದೇಹಗಳು ಹುಟ್ಟುತ್ತವೆ. ಮನುಷ್ಯನ ಮಲೇರಿಯಾ ಪರೋಪಜೀವಿ ಮಂಗನ ರಕ್ತದಲ್ಲಿ ಬೆಳೆಯುವುದಾದರೂ ಹೇಗೆ? ವೈದ್ಯಕೀಯ ಪ್ರಯೋಗಗಳಿಗೆ ದಶಕಗಳಿಂದ ಬಳಕೆಯಲ್ಲಿದ್ದ ನಮ್ಮ ಉತ್ತರ ಭಾರತದ ರೀಸಸ್ ಕೋತಿಯನ್ನು ಬಿಟ್ಟು ಅಮೆಜಾನ್ ಕಾಡಿನ ಪುಟ್ಟ ಮಂಗವನ್ನು ಹುಡುಕಿಕೊಂಡು ಹೋದದ್ದೇಕೆ? ಮಂಗನಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದಾದರೆ, ಈ ಪ್ರಯೋಗಗಳನ್ನು ಇನ್ನೂ ಮುಂದುವರಿಸುವುದಕ್ಕೆ ಸಮರ್ಥನೆ ಏನು? ಬಲ್ಲವರು ದಯವಿಟ್ಟು ವಿವರಿಸಬೇಕು.


ಸೂಕ್ಷ್ಮದರ್ಶಕ (ಉತ್ತರ):

ಹೊಂಗೆಮರ ಅವರೇ, ಪರೋಪಜೀವಿ ಶಾಸ್ತ್ರವನ್ನು ಬಹುಕಾಲ ಪಾಠ ಹೇಳಿದವನಾಗಿ ನನ್ನ ಅನಿಸಿಕೆ ಏನೆಂದರೆ, ನಿಮ್ಮ ಗೋಜಲಿಗೆ ಅರ್ಧ ಕಾರಣ ಪಠ್ಯಪುಸ್ತಕಗಳೇ. ಮಂಗ ಮಾದರಿ ಎಂದು ಅವು ಒಂದೇ ಉಸಿರಿನಲ್ಲಿ ಹೇಳಿಬಿಡುವುದರೊಳಗೆ ಎರಡು ಬೇರೆ ಬೇರೆ ಪದ್ಧತಿಗಳು ಅಡಗಿವೆ. ಮೊದಲನೆಯದರಲ್ಲಿ ಆಶ್ರಯ ಕೊಡುವ ಪ್ರಾಣಿಯೂ ಮಂಗ, ಪರೋಪಜೀವಿಯೂ ಮಂಗಗಳದ್ದೇ. ಎರಡನೆಯದರಲ್ಲಿ ಮನುಷ್ಯನ ಪರೋಪಜೀವಿಯನ್ನೇ ತಂದು, ಅದಕ್ಕೆ ಪರಿಚಯವಿಲ್ಲದ ಮಂಗನೊಳಗೆ ಒಗ್ಗಿಸುತ್ತಾರೆ. ಎಸ್‌ಪಿಎಫ್66 ಎರಡನೆಯ ಗುಂಪಿಗೆ ಸೇರಿದ್ದು.

ಮೊದಲ ಪದ್ಧತಿಯ ಬೇರು ನಮ್ಮ ದೇಶದಲ್ಲೇ ಇದೆ. 1930ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ, ಸಿಂಗಪುರದ ಕಡೆಯಿಂದ ಬಂದಿದ್ದ ಉದ್ದ ಬಾಲದ ಮಕಾಕ್ ಮಂಗವೊಂದರ ರಕ್ತದಲ್ಲಿದ್ದ ಪರೋಪಜೀವಿಯನ್ನು ರಾಬರ್ಟ್ ನೋಲ್ಸ್ ಮತ್ತು ಬಿರಾಜ್ ಮೋಹನ್ ದಾಸ್‌ಗುಪ್ತ ಅವರು ಅಧ್ಯಯನ ಮಾಡಿ, ಅದನ್ನು ಮನುಷ್ಯರಿಗೂ ದಾಟಿಸಬಹುದೆಂದು 1932ರಲ್ಲಿ ತೋರಿಸಿದರು. ಅದೇ ಪ್ಲಾಸ್ಮೋಡಿಯಂ ನೋಲೆಸಿ. ಉದ್ದ ಬಾಲದ ಮಕಾಕ್ ಅದರ ಸಹಜ ಆಶ್ರಯವಾದ್ದರಿಂದ ಅದಕ್ಕೆ ಸೌಮ್ಯವಾದ ಸೋಂಕಷ್ಟೇ ಆಗುತ್ತದೆ. ರೀಸಸ್ ಕೋತಿಗೆ ಚುಚ್ಚಿದರೆ ಮಾತ್ರ, ಇಪ್ಪತ್ತನಾಲ್ಕು ಗಂಟೆಗೊಮ್ಮೆ ಮರಿ ಹಾಕುವ ಈ ಪರೋಪಜೀವಿ ಕೆಲವೇ ದಿನಗಳಲ್ಲಿ ಅದನ್ನು ಕೊಂದುಬಿಡುತ್ತದೆ. ಚುಚ್ಚುಮದ್ದು ಕೊಟ್ಟ ಪ್ರಾಣಿ ಬದುಕಿತೇ ಸತ್ತಿತೇ ಎಂಬುದು ಅಷ್ಟು ಸ್ಪಷ್ಟವಾಗಿ ಕಾಣುವ ಮಾದರಿ ಇದೆಂಬ ಕಾರಣಕ್ಕೆ ಲಸಿಕೆಯ ಬೆನ್ನು ಹತ್ತಿದವರು ಇದನ್ನು ಬಿಡಲಿಲ್ಲ. 1948ರಲ್ಲಿ ಜೂಲ್ಸ್ ಫ್ರಾಯಿಂಡ್ ಮತ್ತು ಸಂಗಡಿಗರು ಕೊಂದ ನೋಲೆಸಿ ಪರೋಪಜೀವಿಗಳನ್ನು ಎಣ್ಣೆ ಮತ್ತು ಸತ್ತ ಮೈಕೋಬ್ಯಾಕ್ಟೀರಿಯಾ ಬೆರೆಸಿದ, ಲಸಿಕೆಯ ಪರಿಣಾಮ ಹೆಚ್ಚಿಸುವ ಅಡ್ಜುವೆಂಟ್‌ನೊಡನೆ ಚುಚ್ಚಿ ರೀಸಸ್ ಕೋತಿಗಳಿಗೆ ರಕ್ಷಣೆ ಕೊಟ್ಟರು. ಈ ಅಡ್ಜುವೆಂಟ್‌ನ ಹೆಸರು ಫ್ರಾಯಿಂಡ್ ಅಡ್ಜುವೆಂಟ್, ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನುಷ್ಯನ ಪರೋಪಜೀವಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಮಾತ್ರ ರೀಸಸ್ ಕೋತಿಯ ಕೆಂಪು ರಕ್ತಕಣಗಳಲ್ಲಿ ಬೆಳೆಯುವುದಿಲ್ಲ. ಪರೋಪಜೀವಿ ಕಣದೊಳಕ್ಕೆ ನುಗ್ಗಬೇಕಾದರೆ ತನ್ನ ಮೇಲ್ಮೈಯ ಪ್ರೋಟೀನುಗಳನ್ನು ಕಣದ ಮೇಲ್ಮೈಯ ನಿರ್ದಿಷ್ಟ ಪ್ರೋಟೀನುಗಳಿಗೆ ಕೂಡಿಸಬೇಕು, ಆ ಹೊಂದಾಣಿಕೆ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ದಕ್ಷಿಣ ಅಮೆರಿಕದ ಏಓಟಸ್ ಮತ್ತು ಸೈಮಿರಿ ಮಂಗಗಳಲ್ಲಿ ಈ ಬಾಗಿಲು ಅರ್ಧ ತೆರೆದಿದೆ. 1966ರಲ್ಲಿ ಪನಾಮಾದಲ್ಲಿ ಮನುಷ್ಯನ ಇನ್ನೊಂದು ಮಲೇರಿಯಾ ಪರೋಪಜೀವಿಯಾದ ವೈವ್ಯಾಕ್ಸ್ ಅನ್ನೂ, 1967ರಲ್ಲಿ ಫಾಲ್ಸಿಪಾರಂ ಅನ್ನೂ ಏಓಟಸ್‌ಗೆ ದಾಟಿಸಿದ ವರದಿಗಳು ಬಂದವು. ಆದರೆ ಮೊದಲ ದಿನವೇ ಒಗ್ಗುವುದಿಲ್ಲ. ಒಂದು ಮಂಗದಿಂದ ಇನ್ನೊಂದಕ್ಕೆ ರಕ್ತ ದಾಟಿಸುತ್ತ, ಬೇಕಾದರೆ ಗುಲ್ಮವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿ, ತಳಿಯನ್ನು ಪಳಗಿಸಬೇಕು. ಹೀಗೆ ಪಳಗುವಾಗ ಪರೋಪಜೀವಿಯೇ ಬದಲಾಗುತ್ತದೆ ಎಂಬುದು ನಿಮ್ಮ ಸೆಮಿನಾರಿನಲ್ಲಿ ಒತ್ತಿ ಹೇಳಬೇಕಾದ ಮಾತು. ಏಓಟಸ್‌ನ ರಕ್ತಕಣದೊಳಕ್ಕೆ ನುಗ್ಗುವ ಸಾಮರ್ಥ್ಯವನ್ನು ನಿರ್ಧರಿಸುವುದು ಪರೋಪಜೀವಿಯ ಆರ್‌ಎಚ್5 ಎಂಬ ಪ್ರೋಟೀನಿನ ಕೆಲವೇ ಅಮೈನೋ ಆಮ್ಲಗಳ ವ್ಯತ್ಯಾಸ ಎಂದು 2008ರಲ್ಲಿ ಗೊತ್ತಾಯಿತು. ಇದೇ ಆರ್‌ಎಚ್5 ಇಂದು ರಕ್ತ ಹಂತದ ಲಸಿಕೆಗಳಲ್ಲಿ ಮುಂಚೂಣಿಯಲ್ಲಿರುವ ಪ್ರೋಟೀನು!

ಇನ್ನು ಎಸ್‌ಪಿಎಫ್66. ಮಂಗನಲ್ಲಿ ಗೆದ್ದು ಮನುಷ್ಯನಲ್ಲಿ ಸೋತಿತು ಎಂದು ನೀವು ಬರೆದಿದ್ದೀರಿ, ಬಹಳ ಜನ ಹಾಗೆಯೇ ಬರೆಯುತ್ತಾರೆ. ನನ್ನ ಓದಿನ ಪ್ರಕಾರ ಅದು ಮಂಗನಲ್ಲೂ ನಿಸ್ಸಂದೇಹವಾಗಿ ಗೆದ್ದಿರಲಿಲ್ಲ. ಪ್ರಯೋಗಕ್ಕೆ ಬಳಸಿದ ಪ್ರಾಣಿಗಳ ಸಂಖ್ಯೆ ಚಿಕ್ಕದು, ಅವುಗಳಲ್ಲಿ ಕೆಲವಕ್ಕೆ ಮಾತ್ರ ಪೂರ್ಣ ರಕ್ಷಣೆ ಸಿಕ್ಕಿತ್ತು, ಅಮೆರಿಕದ ತಂಡವೊಂದು ಏಓಟಸ್‌ಗಳಲ್ಲೇ ಇಂಥ ಪೆಪ್ಟೈಡ್‌ಗಳನ್ನು ಮತ್ತೆ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದಾಗ ಆ ರಕ್ಷಣೆ ಕಾಣಲಿಲ್ಲ. ಮಂಗಗಳು ಸುಳ್ಳು ಹೇಳಿದವು ಎನ್ನುವುದಕ್ಕಿಂತ, ಅವು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಮುಂದಿನ ಹೆಜ್ಜೆ ಇಟ್ಟರು ಎನ್ನುವುದು ನ್ಯಾಯವಾದ ಮಾತು.

ನಿಜವಾಗಿಯೂ ತಲೆ ಕೆಡಿಸುವ ಉದಾಹರಣೆ ಬೇಕಿದ್ದರೆ ಪರೋಪಜೀವಿಯ ಮೇಲ್ಮೈಯಲ್ಲಿರುವ ಎಂಎಸ್‌ಪಿ1 ಪ್ರೋಟೀನನ್ನು ನೋಡಿ. ಫ್ರಾಯಿಂಡ್ ಅಡ್ಜುವೆಂಟ್‌ನೊಡನೆ ಕೊಟ್ಟಾಗ ಅದು ಏಓಟಸ್‌ಗಳನ್ನು ಚೆನ್ನಾಗಿಯೇ ಕಾಪಾಡಿತು. ಆ ಅಡ್ಜುವೆಂಟ್ ಚುಚ್ಚಿದ ಜಾಗದಲ್ಲಿ ಹುಣ್ಣು, ಗಂಟು ಎಬ್ಬಿಸುವುದರಿಂದ ಮನುಷ್ಯರಿಗೆ ಕೊಡುವಂತಿಲ್ಲ. ಬೇರೆ ಅಡ್ಜುವೆಂಟ್‌ನೊಡನೆ ಪಶ್ಚಿಮ ಕೀನ್ಯಾದ ಮಕ್ಕಳಿಗೆ ಕೊಟ್ಟ ಎಂಎಸ್‌ಪಿ1 ಲಸಿಕೆಯ ಫಲಿತಾಂಶ 2009ರಲ್ಲಿ ಬಂದಾಗ ರಕ್ಷಣೆ ಇರಲಿಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವಂತೆ ಮಂಗನ ಪ್ರಯೋಗವನ್ನು ನೋಡುವವರು ಇಲ್ಲೇ ಎಡವುತ್ತಾರೆ: ಆ ಅಗುಳು ಬೆಂದದ್ದು ಬೇರೆ ಒಲೆಯ ಮೇಲೆ. ಪರೋಪಜೀವಿಯ ತಳಿ, ಅಡ್ಜುವೆಂಟ್, ಸೋಂಕು ಹತ್ತಿಸುವ ವಿಧಾನ ಎಲ್ಲವೂ ಬೇರೆ. ಪ್ರಯೋಗಾಲಯದ ಏಓಟಸ್‌ಗೆ ಗೊತ್ತಿರುವ ತಳಿಯ ಸೋಂಕಿತ ರಕ್ತವನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಕೀನ್ಯಾದ ಮಗುವಿಗೆ ಮಳೆಗಾಲದುದ್ದಕ್ಕೂ ಬೇರೆ ಬೇರೆ ತಳಿ ಹೊತ್ತ ಸೊಳ್ಳೆಗಳು ಕಚ್ಚುತ್ತಿರುತ್ತವೆ.


ಪಶುವೈದ್ಯ (ಉತ್ತರ):

ಮಲೇರಿಯಾ ಪ್ರಯೋಗಗಳಲ್ಲಿ ನಾನು ಭಾಗವಹಿಸಿಲ್ಲ. ಆದರೆ ಕೆಲವು ವರ್ಷ ಸಂಶೋಧನಾ ಸಂಸ್ಥೆಯೊಂದರ ಅನಿಮಲ್ ಹೌಸ್‌ನಲ್ಲಿ ಮಕಾಕ್‌ಗಳ ಆರೋಗ್ಯ ನೋಡಿಕೊಂಡವನಾದ್ದರಿಂದ, ಮೇಲಿನ ಚರ್ಚೆಯಲ್ಲಿ ಬಾರದ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಸೇರಿಸುತ್ತೇನೆ.

ಏಓಟಸ್ ಸುಮಾರು ಒಂದು ಕಿಲೋ ತೂಗುವ ಪ್ರಾಣಿ. ಅದರ ಮೈಯಲ್ಲಿರುವ ರಕ್ತ ಹೆಚ್ಚೆಂದರೆ ಅರವತ್ತು ಎಪ್ಪತ್ತು ಮಿಲಿಲೀಟರ್. ಆರೋಗ್ಯ ಕೆಡದಂತೆ ಎರಡು ವಾರದಲ್ಲಿ ತೆಗೆಯಬಹುದಾದದ್ದು ಅದರ ಹತ್ತನೆಯ ಒಂದು ಭಾಗ, ಅಂದರೆ ಆರೇಳು ಮಿಲಿಲೀಟರ್. ಪ್ರತಿಕಾಯಗಳನ್ನು ಬೇರ್ಪಡಿಸಿ, ರೋಗನಿರೋಧಕ ಟಿ ಕೋಶಗಳನ್ನು ಎಣಿಸಿ, ದಿನವೂ ರಕ್ತಲೇಪ ಮಾಡಿ ಜೀಮ್ಸಾ ಬಣ್ಣ ಹಾಕಿ ನೋಡುವ ಸಂಶೋಧಕನಿಗೆ ಅಷ್ಟು ರಕ್ತ ಯಾವ ಮೂಲೆಗೂ ಸಾಲದು. ಸೋಂಕು ಹತ್ತಿಸಿದ ಮೇಲೆ ಪ್ರಾಣಿ ಸಾಯುವವರೆಗೆ ಕಾಯುವುದೂ ಇಲ್ಲ. ರಕ್ತದಲ್ಲಿ ಪರೋಪಜೀವಿಗಳು ಮೊದಲೇ ಗೊತ್ತುಪಡಿಸಿದ ಮಟ್ಟ ಮೀರಿದರೆ ಅಥವಾ ರಕ್ತಹೀನತೆ ಕಾಣಿಸಿಕೊಂಡರೆ ಮೆಫ್ಲೋಕ್ವಿನ್‌ನಂಥ ಔಷಧ ಕೊಟ್ಟು ಪ್ರಯೋಗ ಮುಗಿಸುತ್ತಾರೆ. ಹಾಗಾಗಿ ಈ ವರದಿಗಳಲ್ಲಿ ರಕ್ಷಣೆ ಎಂದರೆ ಬಹುಮಟ್ಟಿಗೆ ಔಷಧ ಕೊಡುವ ಅಗತ್ಯ ಬೀಳಲಿಲ್ಲ ಎಂದಷ್ಟೇ ಅರ್ಥ. ಆಫ್ರಿಕಾದ ಪ್ರಯೋಗದಲ್ಲಿ ಅಳೆಯುವುದು ಮಗುವಿಗೆ ಜ್ವರ ಬಂತೇ ಎಂಬುದನ್ನು. ಈ ಎರಡು ಅಳತೆಗೋಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದೇ ಸರಿಯಲ್ಲ.

ಹೊಂಗೆಮರ ಅವರು ಹಳೆಯ ಪ್ರಬಂಧಗಳನ್ನು ಓದುವಾಗ ಇನ್ನೊಂದು ಎಚ್ಚರ ವಹಿಸಬೇಕು. 1980ರ ದಶಕದವರೆಗೆ ಎಲ್ಲ ಏಓಟಸ್‌ಗಳನ್ನೂ ಸಾಮಾನ್ಯವಾಗಿ ಏಓಟಸ್ ಟ್ರೈವಿರ್ಗೇಟಸ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಆಮೇಲೆ ವರ್ಣತಂತುಗಳ ಸಂಖ್ಯೆ ನೋಡಿ ಹಲವು ಜಾತಿಗಳಾಗಿ ವಿಂಗಡಿಸಿದರು. ಮಲೇರಿಯಾಕ್ಕೆ ತುತ್ತಾಗುವುದರಲ್ಲಿ ಈ ಜಾತಿಗಳ ನಡುವೆ ದೊಡ್ಡ ಅಂತರವಿದೆ: ಒಂದರಲ್ಲಿ ಪರೋಪಜೀವಿ ಹುಚ್ಚೆದ್ದು ಬೆಳೆದರೆ ಇನ್ನೊಂದು ತಾನಾಗಿಯೇ ಗುಣವಾಗುತ್ತದೆ. ಕಾಡಿನಿಂದ ಹಿಡಿದು ತಂದ ಪ್ರಾಣಿಗೆ ಮೊದಲೇ ಮಲೇರಿಯಾ ಬಂದುಹೋಗಿದ್ದರೂ ಲೆಕ್ಕ ತಪ್ಪುತ್ತದೆ. ಐದಾರು ಪ್ರಾಣಿಗಳ ಗುಂಪಿನಲ್ಲಿ ಇಂಥ ಒಂದೆರಡು ಸೇರಿಕೊಂಡರೆ ಲಸಿಕೆಗೆ ಸಲ್ಲದ ಕೀರ್ತಿ ಸಲ್ಲುತ್ತದೆ.

ಕಾಡಿನಿಂದ ಹಿಡಿಯುವ ವಿಷಯ ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಕೊಲಂಬಿಯಾ, ಪೆರು, ಬ್ರೆಜಿಲ್ ಗಡಿಗಳು ಕೂಡುವ ಅಮೆಜಾನ್ ಸೀಮೆಯಲ್ಲಿ ಏಓಟಸ್‌ಗಳನ್ನು ಸಂಶೋಧನೆಗಾಗಿ ಹಿಡಿಯುವುದರ ವಿರುದ್ಧ ಪ್ರಾಣಿಸಂರಕ್ಷಕರು ನ್ಯಾಯಾಲಯಕ್ಕೆ ಹೋದರು. 2010ರ ದಶಕದಲ್ಲಿ ಆ ಅನುಮತಿಗಳು ಒಮ್ಮೆ ರದ್ದಾಗಿ, ಪ್ರಕರಣ ವರ್ಷಗಟ್ಟಲೆ ಎಳೆಯಿತು. ನಮ್ಮ ದೇಶ 1978ರಲ್ಲೇ ರೀಸಸ್ ಕೋತಿಗಳ ರಫ್ತನ್ನು ನಿಲ್ಲಿಸಿತು. ಇಲ್ಲಿ ಈಗ ಮಂಗಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ಸಮಿತಿಯ ಒಪ್ಪಿಗೆ ಸಾಲದು, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ರಚಿತವಾದ ಕೇಂದ್ರ ಸಮಿತಿಯ ಅನುಮತಿಯೂ ಬೇಕು. ಕಡಲೆಕಾಯಿ ತೋರಿಸಿ, ಪಂಜರದ ಸರಳುಗಳ ನಡುವಿನಿಂದ ತಾನಾಗಿಯೇ ತೋಳು ಚಾಚುವಂತೆ ಮಕಾಕ್ ಒಂದನ್ನು ತಿಂಗಳುಗಟ್ಟಲೆ ಪಳಗಿಸಿದವರಿಗೆ ಈ ಅರ್ಜಿ ನಮೂನೆಗಳು ಹೆಚ್ಚೆನಿಸುವುದಿಲ್ಲ.


ಹೊಂಗೆಮರ:

ಇಬ್ಬರಿಗೂ ಧನ್ಯವಾದಗಳು. ಅಳತೆಗೋಲಿನ ಮಾತು ನನಗೆ ಹೊಳೆದಿರಲೇ ಇಲ್ಲ. ಹಾಗಿದ್ದರೆ ಈಗ ಬಳಕೆಗೆ ಬಂದಿರುವ ಆರ್‌ಟಿಎಸ್‌ಎಸ್ ಮತ್ತು ಆರ್21 ಲಸಿಕೆಗಳ ಹಿಂದೆ ಮಂಗಗಳ ಪಾತ್ರ ಇದೆಯೇ, ಇಲ್ಲವೇ? ಇಲ್ಲವೆಂದಾದರೆ ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ ಅಲ್ಲವೇ?


ನೇತ್ರಾವತಿ (ಉತ್ತರ):

ನಾನು ಮಂಗಳೂರಿನಲ್ಲಿ ವೈದ್ಯೆ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ನಮ್ಮ ಊರಿನದೇ ಆಗಿದ್ದ ವರ್ಷಗಳನ್ನು ಕಂಡಿರುವುದರಿಂದ ಈ ಲಸಿಕೆಗಳ ಸುದ್ದಿಯನ್ನು ಸ್ವಲ್ಪ ಆಸ್ಥೆಯಿಂದಲೇ ಗಮನಿಸಿದ್ದೇನೆ.

ನಿಮ್ಮ ಪ್ರಶ್ನೆಗೆ ಉತ್ತರ ಇದೆ ಮತ್ತು ಇಲ್ಲ ಎರಡೂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ ಆರ್‌ಟಿಎಸ್‌ಎಸ್, 2023ರಲ್ಲಿ ಶಿಫಾರಸು ಮಾಡಿದ ಆರ್21, ಎರಡೂ ಸ್ಪೋರೊಜೋಯಿಟ್‌ನ ಮೈಮೇಲಿನ ಸಿಎಸ್‌ಪಿ ಎಂಬ ಪ್ರೋಟೀನನ್ನು ಆಧರಿಸಿವೆ. ಸೊಳ್ಳೆ ಕಚ್ಚಿದಾಗ ಒಳಸೇರಿ ಯಕೃತ್ತಿನತ್ತ ಸಾಗುವ ರೂಪವೇ ಸ್ಪೋರೊಜೋಯಿಟ್. ಫಾಲ್ಸಿಪಾರಂನ ಸ್ಪೋರೊಜೋಯಿಟ್ ರೀಸಸ್ ಕೋತಿಯಲ್ಲಿ ಸೋಂಕು ಹತ್ತಿಸದ ಕಾರಣ ಆರ್‌ಟಿಎಸ್‌ಎಸ್ ವಿಷಯದಲ್ಲಿ ಕೋತಿಗಳನ್ನು ಬಳಸಿದ್ದು ಯಾವ ಅಡ್ಜುವೆಂಟ್ ಹೆಚ್ಚು ಪ್ರತಿಕಾಯ ಕೊಡುತ್ತದೆ, ಸುರಕ್ಷಿತವೇ ಎಂದು ನೋಡಲು ಮಾತ್ರ. ರಕ್ಷಣೆ ಇದೆಯೇ ಎಂದು ತೋರಿಸಿದವರು ಸ್ವಯಂಸೇವಕರು, ಮನುಷ್ಯರೇ. ಪುಣೆಯಲ್ಲಿ ತಯಾರಾಗುವ ಆರ್21ರ ರಕ್ಷಣೆಯನ್ನು ಮೊದಲು ಕಂಡದ್ದು, ಫಾಲ್ಸಿಪಾರಂನ ಸಿಎಸ್‌ಪಿ ಹೊತ್ತುಕೊಳ್ಳುವಂತೆ ಮಾರ್ಪಡಿಸಿದ ಇಲಿ ಮಲೇರಿಯಾ ಪರೋಪಜೀವಿಯನ್ನು ಬಳಸಿ ಇಲಿಗಳಲ್ಲಿ. ಇಷ್ಟಾದರೂ ಸಿಎಸ್‌ಪಿಯ ವಂಶವಾಹಿಯನ್ನು ಮೊಟ್ಟಮೊದಲು ಪ್ರತ್ಯೇಕಿಸಿದ್ದು ನೋಲೆಸಿಯಿಂದ, 1983ರಲ್ಲಿ, ನ್ಯೂಯಾರ್ಕಿನಲ್ಲಿ. ಫಾಲ್ಸಿಪಾರಂನದು ಮರುವರ್ಷ ಸಿಕ್ಕಿತು. ಕಲ್ಕತ್ತೆಯ ಆ ಮಂಗವಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ವ್ಯರ್ಥ, ಆದರೂ ಈ ಲಸಿಕೆಗಳ ವಂಶವೃಕ್ಷದಲ್ಲಿ ಅದಕ್ಕೊಂದು ಸ್ಥಾನವಿದೆ.

ಮಲೇರಿಯಾಕ್ಕೆ ಬೇರೆ ರೋಗಗಳಿಗಿಲ್ಲದ ಒಂದು ಅನುಕೂಲವಿದೆ. ಔಷಧಕ್ಕೆ ಬಗ್ಗುವ ತಳಿಯನ್ನು ಆರಿಸಿಕೊಂಡು, ಒಪ್ಪಿಗೆ ಕೊಟ್ಟ ಆರೋಗ್ಯವಂತ ವಯಸ್ಕರಿಗೆ ಸೋಂಕು ಹತ್ತಿಸಿ, ದಿನವೂ ರಕ್ತ ಪರೀಕ್ಷಿಸಿ, ಪರೋಪಜೀವಿ ಕಂಡೊಡನೆ ಗುಣಪಡಿಸಬಹುದು. 1980ರ ದಶಕದಿಂದ ಇದು ನಡೆದು ಬಂದಿದೆ. ಮನುಷ್ಯನೇ ಮನುಷ್ಯನಿಗೆ ಮಾದರಿಯಾಗಬಲ್ಲ ರೋಗದಲ್ಲಿ, ಫಾಲ್ಸಿಪಾರಂ ಲಸಿಕೆಯ ರಕ್ಷಣೆಯನ್ನು ಅಳೆಯಲು ಏಓಟಸ್‌ಗೆ ಸೋಂಕು ಹತ್ತಿಸುವುದನ್ನು ಇನ್ನು ನಿಲ್ಲಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆರ್‌ಎಚ್5 ಲಸಿಕೆ 2015ರಲ್ಲಿ ಏಓಟಸ್‌ಗಳನ್ನು ಬೇರೆ ತಳಿಯ ಫಾಲ್ಸಿಪಾರಂನಿಂದಲೂ ಕಾಪಾಡಿತು ಎಂದು ಸಂಭ್ರಮಿಸಿದರು. ಆಕ್ಸ್‌ಫರ್ಡ್‌ನಲ್ಲಿ ಸ್ವಯಂಸೇವಕರಿಗೆ ಕೊಟ್ಟಾಗ ಸಿಕ್ಕಿದ್ದು ಪರೋಪಜೀವಿಯ ಬೆಳವಣಿಗೆಯಲ್ಲಿ ಒಂದೆರಡು ದಿನಗಳ ವಿಳಂಬ. ಕೊನೆಗೆ ಬುರ್ಕಿನಾ ಫಾಸೊದ ಮಕ್ಕಳಲ್ಲಿ, ಮೂರನೆಯ ಡೋಸನ್ನು ತಡವಾಗಿ ಕೊಟ್ಟ ಗುಂಪಿನಲ್ಲಿ, ಶೇ. 55ರ ರಕ್ಷಣೆ 2024ರಲ್ಲಿ ವರದಿಯಾಯಿತು. ಏಓಟಸ್ ಹೇಳಿದ್ದು ಒಂದು, ವಯಸ್ಕರು ಹೇಳಿದ್ದು ಇನ್ನೊಂದು, ಮಕ್ಕಳು ಹೇಳಿದ್ದು ಮತ್ತೊಂದು. ನಾನು ನಂಬುವುದು ಮಕ್ಕಳದನ್ನು.

ಆದರೆ ರೀಸಸ್ ಕೋತಿಗಳ ಬಗ್ಗೆ ಹೀಗೆ ಹೇಳಲಾರೆ. ವಿಕಿರಣದಿಂದ ದುರ್ಬಲಗೊಳಿಸಿದ ಇಡೀ ಸ್ಪೋರೊಜೋಯಿಟ್‌ಗಳ ಲಸಿಕೆಯನ್ನು ಮೊದಲು ಚರ್ಮದ ಮೂಲಕ ಕೊಟ್ಟಾಗ ಸ್ವಯಂಸೇವಕರಲ್ಲಿ ಬಹುತೇಕ ಯಾರಿಗೂ ರಕ್ಷಣೆ ಸಿಗಲಿಲ್ಲ. ಅದನ್ನೇ ರೀಸಸ್ ಕೋತಿಗಳ ರಕ್ತನಾಳಕ್ಕೆ ಚುಚ್ಚಿದಾಗ ಯಕೃತ್ತಿನಲ್ಲಿ ಕೊಲ್ಲುವ ಟಿ ಕೋಶಗಳು ಗಣನೀಯವಾಗಿ ಸೇರಿಕೊಂಡದ್ದು 2011ರ ವರದಿಯಲ್ಲಿ ಕಂಡಿತು. ಆರೋಗ್ಯವಂತ ಮನುಷ್ಯನ ಯಕೃತ್ತನ್ನು ಕತ್ತರಿಸಿ ನೋಡುವಂತಿಲ್ಲವಷ್ಟೇ. ಆ ಸುಳಿವು ಹಿಡಿದು ರಕ್ತನಾಳದ ಮೂಲಕ ಕೊಟ್ಟಾಗ, 2013ರಲ್ಲಿ ಐದು ಡೋಸ್ ಪಡೆದ ಆರು ಮಂದಿಯಲ್ಲಿ ಆರೂ ಮಂದಿಗೆ ರಕ್ಷಣೆ ಸಿಕ್ಕಿತು. ಆಫ್ರಿಕಾದಲ್ಲಿ ಮುಂದೆ ಫಲ ಅಷ್ಟು ಚೆನ್ನಾಗಿ ಬರಲಿಲ್ಲವೆಂಬುದು ಬೇರೆ ಮಾತು. ಎಷ್ಟು ರಕ್ಷಣೆ ಎಂದು ಕೇಳಿದಾಗ ಮಂಗ ತಪ್ಪು ಉತ್ತರ ಕೊಟ್ಟಿದೆ. ಯಾವ ದಾರಿಯಿಂದ ಎಂದು ಕೇಳಿದಾಗ ಸರಿಯಾದ ಉತ್ತರ ಕೊಟ್ಟಿದೆ.


ಸೂಕ್ಷ್ಮದರ್ಶಕ:

ನೇತ್ರಾವತಿ ಮೇಡಂ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಆರ್‌ಎಚ್5 ಕುರಿತು ಒಂದು ತಕರಾರು ಮಾತ್ರ ಇದೆ. ಆ ಏಓಟಸ್ ಪ್ರಯೋಗದಿಂದ ದಕ್ಕಿದ ನಿಜವಾದ ಲಾಭ ರಕ್ಷಣೆಯ ಸುದ್ದಿಯಲ್ಲ. ಯಾವ ಮಂಗದ ಪ್ರತಿಕಾಯಗಳು ಗಾಜಿನ ತಟ್ಟೆಯಲ್ಲಿ ಪರೋಪಜೀವಿಯ ಬೆಳವಣಿಗೆಯನ್ನು ಹೆಚ್ಚು ತಡೆದವೋ ಅದೇ ಮಂಗ ಹೆಚ್ಚು ರಕ್ಷಣೆ ಪಡೆದಿತ್ತು. ಲಸಿಕೆ ಎಷ್ಟು ಪ್ರತಿಕಾಯ ಎಬ್ಬಿಸಬೇಕು ಎಂಬ ಗುರಿ ಸಿಕ್ಕಿದ್ದು ಅಲ್ಲಿಂದ. ಆ ಗುರಿ ಈಗ ಕೈಯಲ್ಲಿರುವುದರಿಂದ ಮತ್ತೆ ಮತ್ತೆ ಏಓಟಸ್‌ಗೆ ಸೋಂಕು ಹತ್ತಿಸುವ ಅಗತ್ಯ ತಗ್ಗಿದೆ ಎನ್ನುವಲ್ಲಿಗೆ ನಾವಿಬ್ಬರೂ ಬೇರೆ ದಾರಿಗಳಿಂದ ಬಂದಂತಾಯಿತು.

ಹೊಂಗೆಮರ ಅವರು ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಭಾವಿಸುವ ಮೊದಲು ವೈವ್ಯಾಕ್ಸ್ ಅನ್ನು ನೋಡಬೇಕು. ಮಂಗಳೂರಿನ ಪ್ರಕರಣಗಳಲ್ಲಿ ಹೆಚ್ಚಿನವೂ ಅದರವೇ. ಫಾಲ್ಸಿಪಾರಂ ಅನ್ನು 1976ರಿಂದ ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸಲು ಬರುತ್ತದೆ, ವೈವ್ಯಾಕ್ಸ್ ಅನ್ನು ಹಾಗೆ ಬೆಳೆಸಲು ಬರುವುದಿಲ್ಲ. ಇದಲ್ಲದೆ ಅದು ಯಕೃತ್ತಿನಲ್ಲಿ ಹಿಪ್ನೊಜೋಯಿಟ್ ಎಂಬ ರೂಪದಲ್ಲಿ ಮಲಗಿದ್ದು ತಿಂಗಳುಗಳ ನಂತರ ಜ್ವರ ಮರುಕಳಿಸುತ್ತದೆ. ಮಲೇರಿಯಾಕ್ಕೆ ಯಕೃತ್ತಿನ ಹಂತವೊಂದಿದೆ ಎಂದು ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ 1948ರಲ್ಲಿ ಕಂಡುಕೊಂಡದ್ದೂ, ಹಿಪ್ನೊಜೋಯಿಟ್‌ಗಳನ್ನು 1980ರ ದಶಕದ ಆರಂಭದಲ್ಲಿ ಗುರುತಿಸಿದ್ದೂ ರೀಸಸ್ ಕೋತಿಗೆ ಸೈನೊಮೊಲ್ಗಿ ಎಂಬ ಮಂಗಗಳ ಪರೋಪಜೀವಿ ತರುವ ಮಲೇರಿಯಾದಲ್ಲಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಮರುಕಳಿಕೆ ತಡೆಯುವ ಬುಲಾಕ್ವಿನ್ ಔಷಧವನ್ನು ಪರೀಕ್ಷಿಸಿದ್ದೂ ಇದೇ ಮಾದರಿಯಲ್ಲಿ. ಮನುಷ್ಯನ ಯಕೃತ್ತಿನ ಕೋಶಗಳನ್ನು ಹೊತ್ತ ಇಲಿಗಳಲ್ಲಿ ಈಗ ವೈವ್ಯಾಕ್ಸ್‌ನ ಹಿಪ್ನೊಜೋಯಿಟ್‌ಗಳನ್ನು ಬೆಳೆಸುತ್ತಾರೆ ನಿಜ. ಆದರೆ ಪರಕೀಯ ಕೋಶಗಳನ್ನು ಒಪ್ಪಿಕೊಳ್ಳಲೆಂದು ಆ ಇಲಿಯ ರೋಗನಿರೋಧಕ ವ್ಯವಸ್ಥೆಯನ್ನೇ ತೆಗೆದಿರುತ್ತಾರೆ. ಔಷಧ ಪರೀಕ್ಷಿಸಲು, ಹೊರಗಿನಿಂದ ಪ್ರತಿಕಾಯ ಚುಚ್ಚಿ ನೋಡಲು ಅದು ಸಾಕು. ಲಸಿಕೆ ಹಾಕಿಸಿಕೊಂಡು ತಾನೇ ಪ್ರತಿರೋಧ ತೋರಿಸಲು ಅದಕ್ಕೆ ಸಾಧ್ಯವಿಲ್ಲ.

ಇನ್ನೊಂದು ಎಳೆಯನ್ನೂ ಸೆಮಿನಾರಿನಲ್ಲಿ ಸೇರಿಸಿಕೊಳ್ಳಿ. ಡಫಿ ಎಂಬ ರಕ್ತಗುಂಪಿನ ಪ್ರೋಟೀನು ಇಲ್ಲದ ಕೆಂಪು ಕಣಗಳಿಗೆ ನೋಲೆಸಿ ನುಗ್ಗಲಾರದು ಎಂದು ಲೂಯಿ ಮಿಲ್ಲರ್ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ವೈವ್ಯಾಕ್ಸ್‌ಗೂ ಅದೇ ಬಾಗಿಲು ಎಂದು ಮರುವರ್ಷ ತಿಳಿಯಿತು; ಪಶ್ಚಿಮ ಆಫ್ರಿಕನ್ನರಿಗೆ ವೈವ್ಯಾಕ್ಸ್ ಅಪರೂಪವಾಗಿರುವುದರ ಗುಟ್ಟೂ ಬಯಲಾಯಿತು. ಡಫಿಗೆ ಅಂಟುವ ಪರೋಪಜೀವಿಯ ಪ್ರೋಟೀನನ್ನು ಆಧರಿಸಿ ದೆಹಲಿಯಲ್ಲಿ ಚೇತನ್ ಚಿಟ್ಣಿಸ್ ಅವರ ತಂಡ ಅಭಿವೃದ್ಧಿಪಡಿಸಿದ ಲಸಿಕೆಯನ್ನು ಆಕ್ಸ್‌ಫರ್ಡ್‌ನಲ್ಲಿ ಸ್ವಯಂಸೇವಕರ ಮೇಲೆ ಪರೀಕ್ಷಿಸಿದಾಗ, ವೈವ್ಯಾಕ್ಸ್ ರಕ್ತದಲ್ಲಿ ಹೆಚ್ಚುವ ವೇಗ ಸುಮಾರು ಅರ್ಧಕ್ಕೆ ಇಳಿಯಿತು ಎಂದು 2023ರಲ್ಲಿ ಪ್ರಕಟವಾಗಿದೆ. ಈ ಫಲಿತಾಂಶ ಬಂದದ್ದು ಮನುಷ್ಯರಿಂದ, ಅದಕ್ಕೆ ಆಧಾರವಾದ ಬಾಗಿಲನ್ನು ಮೊದಲು ತೋರಿಸಿದ್ದು ಮಂಗನ ಮಲೇರಿಯಾ.

ಕೋಷ್ಟಕ ಮಾಡುವುದಾದರೆ ಪ್ರತಿ ಪ್ರಯೋಗದ ಎದುರಿಗೂ ಮಂಗದ ಜಾತಿ, ಗುಲ್ಮ ಇತ್ತೇ ಇಲ್ಲವೇ, ಪರೋಪಜೀವಿಯ ತಳಿ, ಅಡ್ಜುವೆಂಟ್, ಸೋಂಕು ರಕ್ತದಿಂದಲೋ ಸ್ಪೋರೊಜೋಯಿಟ್‌ನಿಂದಲೋ, ರಕ್ಷಣೆಯನ್ನು ಹೇಗೆ ಅಳೆದರು ಎಂಬ ಅಂಕಣಗಳನ್ನು ತಪ್ಪದೆ ಹಾಕಿ. ಎಸ್‌ಪಿಎಫ್66ರ ಸಾಲಿನಲ್ಲಿ 1990ರ ಮರುಪ್ರಯೋಗವನ್ನೂ 1987ರದ್ದರ ಪಕ್ಕದಲ್ಲೇ ಬರೆಯಿರಿ.